ಪಿಎಚ್ ಹೆಸರಲ್ಲಿ ಒಂದು ಮದ್ದು, ಒಂದು ಮೋಸ: ಇನ್ಸುಲಿನ್ ಬಾಟಲಿ ಹೇಳುವ ಕಥೆ

ಗ್ಲಾರ್ಜಿನ್ ಎಂಬ ಇನ್ಸುಲಿನ್‌ನ ಪೆಟ್ಟಿಗೆಯೊಳಗೆ ಮಡಚಿಟ್ಟ ತೆಳು ಕಾಗದದಲ್ಲಿ ಒಂದು ಎಚ್ಚರಿಕೆ ಇರುತ್ತದೆ. ಇದನ್ನು ಬೇರೆ ಯಾವ ಇನ್ಸುಲಿನ್ ಜೊತೆಗೂ ಬೆರೆಸಬೇಡಿ, ಏನನ್ನೂ ಸೇರಿಸಿ ತೆಳು ಮಾಡಬೇಡಿ. ಉಡುಪಿಯ ಮೆಡಿಕಲ್ ಶಾಪೊಂದರಲ್ಲಿ ಯಾಕೆ ಅಂತ ಕೇಳಿದೆ. "ಹಾಗೆ ಬರೆದುಂಟಲ್ಲ, ಅದಕ್ಕೆ" ಅಂದರು. ಉತ್ತರ ತಪ್ಪೇನಲ್ಲ. ಆದರೆ ಕಾರಣ ಗೊತ್ತಿಲ್ಲದ ನಿಯಮ ಹೆಚ್ಚು ದಿನ ಉಳಿಯುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಚುಚ್ಚಿಕೊಳ್ಳುವವರಿಗೆ ಒಂದು ಸೂಜಿ ಉಳಿದರೂ ಲಾಭವೇ ಅಲ್ವಾ?

ಅದೇ ವಾರ ಕಾರ್ಕಳದಲ್ಲಿ ‘ಆಲ್ಕಲೈನ್ ವಾಟರ್’ ಯಂತ್ರದ ಡೆಮೋ ಒಂದಕ್ಕೆ ಹೋಗಿದ್ದೆ. ಸೂಟು ಹಾಕಿದ ಯುವಕ ಎರಡು ಗ್ಲಾಸುಗಳಿಗೆ ನಾಲ್ಕು ನಾಲ್ಕು ಹನಿ ಬಣ್ಣ ಬಿಟ್ಟ. ಊರಿನ ಬಾವಿ ನೀರು ಹಳದಿ ಆಯಿತು, ಯಂತ್ರದ ನೀರು ನೇರಳೆ ಆಯಿತು. "ಹಳದಿ ಅಂದರೆ ಆಸಿಡ್. ಆಸಿಡ್ ಇರುವ ದೇಹದಲ್ಲೇ ಶುಗರ್ ಬರೋದು." ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮಗನ ಕಡೆ ನೋಡಿದರು. ಯಂತ್ರದ ಬೆಲೆ ಕೇಳಿದರೆ ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ.

ಎರಡೂ ಕಡೆ ವಿಷಯ ಒಂದೇ: ಪಿಎಚ್. ಒಂದು ಕಡೆ ಅದು ಕೋಟ್ಯಂತರ ಜನರ ದಿನ ನಡೆಸುವ ಮದ್ದಿನ ಹಿಂದಿರುವ ನಿಜವಾದ ವಿಜ್ಞಾನ. ಇನ್ನೊಂದು ಕಡೆ ಅದೇ ಮದ್ದು ಬಿಡಿಸಲು ಬಳಕೆಯಾಗುವ ಗಾರುಡಿ. ಹಾಗಾಗಿ ಸ್ವಲ್ಪ ರಸಾಯನಶಾಸ್ತ್ರಕ್ಕೆ ಇಳಿಯೋಣ.

ಪಿಎಚ್ ಅಂದರೆ ನೀರಿನಲ್ಲಿ ಎಷ್ಟು ಹೈಡ್ರೋಜನ್ ಅಯಾನುಗಳಿವೆ ಎಂಬುದರ ಅಳತೆ. ಈ ಪುಟ್ಟ ಧನ ವಿದ್ಯುದಂಶಗಳು ಹೆಚ್ಚಾದಷ್ಟೂ ನೀರು ಹುಳಿ, ಪಿಎಚ್ ಅಂಕಿ ಕಡಿಮೆ. ನೆನಪಿಡಬೇಕಾದದ್ದು, ಇದು ಹತ್ತರ ಗುಣಾಕಾರದ ಅಳತೆ. ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನುಗಳು ಹತ್ತು ಪಟ್ಟು. ಪಿಎಚ್ 7.4ರಿಂದ 4ಕ್ಕೆ ಇಳಿಯುವುದೆಂದರೆ ಸುಮಾರು 2500 ಪಟ್ಟು. ಬಣ್ಣ ಬದಲಾಯಿಸಲು ಯಂತ್ರವೇನೂ ಬೇಡ. ಅರಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವಾಗ, ಪುನರ್ಪುಳಿ ಶರಬತ್ತಿಗೆ ಚಿಟಿಕೆ ಸೋಡಾಪುಡಿ ಹಾಕಿ ಕೆಂಪು ಮಾಯವಾಗುವುದನ್ನು ಮಕ್ಕಳು ನೋಡುವಾಗ ಆಗುವುದೂ ಇದೇ.

ಈಗ ಪೆಪ್ಟೈಡ್. ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿದ ಸಣ್ಣ ಸರ. ಉದ್ದ ಸರವಾಗಿ ಗಟ್ಟಿಯಾಗಿ ಮಡಚಿಕೊಂಡರೆ ಅದನ್ನು ಪ್ರೋಟೀನ್ ಅನ್ನುತ್ತೇವೆ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ದಂಡೆಯ ಒಂದು ತುಂಡನ್ನು ಹರಿಯುವ ನೀರಿಗೆ ಬಿಟ್ಟ ಹಾಗೆ ಅಂದುಕೊಳ್ಳಿ. ದೊಡ್ಡ ಪ್ರೋಟೀನಿಗೆ ಒಂದು ನಿಶ್ಚಿತ ಆಕಾರ ಇರುತ್ತದೆ. ಸಣ್ಣ ಪೆಪ್ಟೈಡಿಗೆ ಸಾಮಾನ್ಯವಾಗಿ ಅಂಥದ್ದಿಲ್ಲ. ಅದು ಕ್ಷಣಕ್ಕೊಂದು ಭಂಗಿ ಬದಲಿಸುತ್ತಾ ಇರುತ್ತದೆ. ಸುರುಳಿಯಾಗಲು ಅದರ ಬೆನ್ನೆಲುಬಿನ ತುಂಡುಗಳು ಪರಸ್ಪರ ಕೈ ಹಿಡಿಯಬೇಕು. ಆದರೆ ಸುತ್ತಲಿನ ನೀರಿನ ಅಣುಗಳೂ ಅದೇ ಕೈ ಹಿಡಿಯಲು ಸಾಲಲ್ಲಿ ನಿಂತಿರುತ್ತವೆ. ಈ ಪೈಪೋಟಿ ಬಹಳ ಸಮಬಲದ್ದು, ಹಾಗಾಗಿ ಸಣ್ಣ ತಳ್ಳಾಟವೊಂದು ಸಾಕು. ಆ ತಳ್ಳಾಟ ಬರುವುದು ವಿದ್ಯುದಂಶದಿಂದ.

ಸರದಲ್ಲಿ ಎಲ್ಲ ಹೂವೂ ಒಂದೇ ಥರದ್ದಲ್ಲ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಕೆಲವು ಮಾತ್ರ ಪಿಎಚ್‌ಗೆ ಸ್ಪಂದಿಸುತ್ತವೆ. ಆಸ್ಪಾರ್ಟಿಕ್ ಮತ್ತು ಗ್ಲುಟಮಿಕ್ ಆಮ್ಲಗಳು ಪಿಎಚ್ ಸುಮಾರು 4ರ ಆಸುಪಾಸಿನಲ್ಲಿ ಪಕ್ಷ ಬದಲಿಸುತ್ತವೆ: ಅದಕ್ಕಿಂತ ಮೇಲೆ ಋಣ ವಿದ್ಯುದಂಶ, ಕೆಳಗೆ ತಟಸ್ಥ. ಲೈಸಿನ್ ಪಿಎಚ್ 10ರವರೆಗೂ ಧನವಾಗಿಯೇ ಉಳಿಯುತ್ತದೆ, ಆರ್ಜಿನಿನ್ ಇನ್ನೂ ಹಟಮಾರಿ. ನಮ್ಮ ರಾಜಕಾರಣಿಗಳನ್ನು ನೆನಪಿಸುವುದು ಹಿಸ್ಟಿಡಿನ್. ಅದರ ಗಡಿ ಪಿಎಚ್ 6ರ ಹತ್ತಿರ, ಅಂದರೆ ದೇಹದೊಳಗೆ ದಿನವೂ ದಾಟುವ ಗಡಿ. ರಕ್ತದ ಪಿಎಚ್ 7.4ರಲ್ಲಿ ನೂರು ಹಿಸ್ಟಿಡಿನ್‌ಗಳಲ್ಲಿ ನಾಲ್ಕರಷ್ಟು ಮಾತ್ರ ಧನ ವಿದ್ಯುದಂಶ ಹೊತ್ತಿರುತ್ತವೆ. ಪಿಎಚ್ 5ಕ್ಕೆ ಇಳಿಸಿ ನೋಡಿ, ತೊಂಬತ್ತಕ್ಕೂ ಹೆಚ್ಚು ಪಕ್ಷಾಂತರ ಮಾಡಿರುತ್ತವೆ.

ಒಂದೇ ಬಗೆಯ ವಿದ್ಯುದಂಶಗಳು ದೂರ ತಳ್ಳುತ್ತವೆ, ವಿರುದ್ಧ ಬಗೆಯವು ಹತ್ತಿರ ಎಳೆಯುತ್ತವೆ. ಬರೀ ಗ್ಲುಟಮಿಕ್ ಆಮ್ಲಗಳನ್ನೇ ಪೋಣಿಸಿದ ಸರ ತಟಸ್ಥ ನೀರಿನಲ್ಲಿ ಚೆಲ್ಲಾಪಿಲ್ಲಿ, ಯಾಕೆಂದರೆ ಪ್ರತಿ ಮಣಿಯೂ ಋಣ, ಎಲ್ಲವೂ ಒಂದನ್ನೊಂದು ತಳ್ಳುತ್ತಿರುತ್ತವೆ. ನೀರನ್ನು ಸಾಕಷ್ಟು ಹುಳಿ ಮಾಡಿದರೆ ಜಗಳ ನಿಂತು ಸರ ಅಂದವಾದ ಸುರುಳಿಯಾಗುತ್ತದೆ. ಬರೀ ಲೈಸಿನ್‌ನ ಸರ ಇದಕ್ಕೆ ಉಲ್ಟಾ. ಅದನ್ನು ಸುರುಳಿ ಮಾಡಬೇಕಾದರೆ ನೀರು ಜೋರು ಕ್ಷಾರವಾಗಬೇಕು. ‘ಕ್ಷಾರ ಒಳ್ಳೆಯದು, ಆಮ್ಲ ಕೆಟ್ಟದ್ದು’ ಅನ್ನುವ ಘೋಷಣೆಗೆ ರಸಾಯನಶಾಸ್ತ್ರದಲ್ಲಿ ಅರ್ಥವೇ ಇಲ್ಲ ಅಂತ ಇಲ್ಲೇ ಗೊತ್ತಾಗುತ್ತದೆ. ಯಾವ ಸರ, ಅದರಲ್ಲಿ ಯಾವ ಮಣಿ ಎಲ್ಲಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇನ್ನೊಂದು. ರೈಬೊನ್ಯೂಕ್ಲಿಯೇಸ್ ಎ ಎಂಬ ಪ್ರೋಟೀನಿನ ತುದಿಯಿಂದ ಕತ್ತರಿಸಿದ, ಬರೀ 13 ಅಮೈನೋ ಆಮ್ಲಗಳ ತುಂಡು. ಇಷ್ಟು ಚಿಕ್ಕ ತುಂಡು ನೀರಿನಲ್ಲಿ ಸುರುಳಿಯಾಗಿ ನಿಲ್ಲುವುದು ಸಾಧ್ಯವಿಲ್ಲ ಅಂತಲೇ ಬಹುತೇಕರು ನಂಬಿದ್ದರು. 1971ರಲ್ಲಿ ಬ್ರೌನ್ ಮತ್ತು ಕ್ಲೀ, ತಣ್ಣಗಿನ ನೀರಿನಲ್ಲಿ ಅದು ಭಾಗಶಃ ಸುರುಳಿಯಾಗುತ್ತದೆ ಅಂತ ತೋರಿಸಿದರು. 1982ರಲ್ಲಿ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಬಾಲ್ಡ್‌ವಿನ್ ತಂಡ ಪಿಎಚ್ ಬದಲಿಸುತ್ತಾ ಅಳೆಯಿತು. ಸುರುಳಿ ಅತಿ ಹೆಚ್ಚು ಕಂಡದ್ದು ಪಿಎಚ್ 5ರ ಹತ್ತಿರ. ಹುಳಿ ಹೆಚ್ಚಾದರೂ ಬಿಚ್ಚಿಕೊಂಡಿತು, ಕಡಿಮೆಯಾದರೂ ಬಿಚ್ಚಿಕೊಂಡಿತು. ಗ್ರಾಫ್ ಗುಡ್ಡದಂತೆ ಬಂತು. ಕಾರಣ, ಈ ಸುರುಳಿಗೆ ಎರಡು ಆಧಾರ ಬೇಕು: ಎರಡನೇ ಸ್ಥಾನದ ಗ್ಲುಟಮಿಕ್ ಆಮ್ಲ ಋಣವಾಗಿರಬೇಕು, ಹನ್ನೆರಡನೇ ಸ್ಥಾನದ ಹಿಸ್ಟಿಡಿನ್ ಧನವಾಗಿರಬೇಕು. ಮೊದಲನೆಯದಕ್ಕೆ ಪಿಎಚ್ 4ಕ್ಕಿಂತ ಮೇಲಿರಬೇಕು, ಎರಡನೆಯದಕ್ಕೆ 6ಕ್ಕಿಂತ ಕೆಳಗೆ. ನಡುವೆ ಸಿಗುವ ಕಿರಿದಾದ ಕಿಂಡಿಯಲ್ಲಿ ಮಾತ್ರ ಆಟ. ಯಾವ ಮಣಿ ಯಾವುದನ್ನು ಹಿಡಿಯುತ್ತದೆ ಎಂಬ ಮೊದಲ ಊಹೆಯನ್ನು ಮುಂದೆ ಅದೇ ಗುಂಪು ತಿದ್ದಿಕೊಂಡಿತು. ವಿಜ್ಞಾನ ನಡೆಯುವುದೇ ಹೀಗೆ.

ಈ ಕಥೆಗೆ ಕರ್ನಾಟಕದ ಕೊಂಡಿಗಳೂ ಉಂಟು. ಪೆಪ್ಟೈಡ್ ಸರದ ಬೆನ್ನೆಲುಬು ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಅನ್ನುವ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯ ಜೀವರಸಾಯನ ಪಠ್ಯದಲ್ಲೂ ಅದು ‘ರಾಮಚಂದ್ರನ್ ಪ್ಲಾಟ್’. ಪಿಎಚ್ ಆ ನಕ್ಷೆಯ ಗಡಿಗಳನ್ನು ಬದಲಿಸುವುದಿಲ್ಲ, ನಕ್ಷೆಯೊಳಗೆ ಸರ ಎಲ್ಲಿ ಹೆಚ್ಚು ಹೊತ್ತು ಕೂರುತ್ತದೆ ಎಂಬುದನ್ನಷ್ಟೇ ಬದಲಿಸುತ್ತದೆ. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯುನಿಟ್ ಕಟ್ಟಿದರು. ಅದೇ ವಿಭಾಗಕ್ಕೆ ಬಂದವರು ಎಂ. ವಿಜಯನ್. 1969ರಲ್ಲಿ ಇನ್ಸುಲಿನ್‌ನ ಮೂರು ಆಯಾಮದ ರಚನೆಯನ್ನು ಬಿಡಿಸಿದ, ಆಕ್ಸ್‌ಫರ್ಡ್‌ನ ಡೊರೊತಿ ಹಾಜ್‌ಕಿನ್ ತಂಡದಲ್ಲಿ ಅವರೂ ಒಬ್ಬರು. ನಮ್ಮ ಪಠ್ಯಪುಸ್ತಕಗಳ ಜಗಳದಲ್ಲಿ ಇಂಥ ಹೆಸರುಗಳಿಗಾಗಿ ಯಾರೂ ಬೀದಿಗಿಳಿಯುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ಸುಲಿನ್ ಸಣ್ಣ ಪೆಪ್ಟೈಡಿಗೂ ದೊಡ್ಡ ಪ್ರೋಟೀನಿಗೂ ನಡುವಿನ ಪ್ರಾಣಿ. 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಗಳು, ಒಟ್ಟು 51. ಸಂಗ್ರಹದಲ್ಲಿ ಆರು ಇನ್ಸುಲಿನ್ ಅಣುಗಳು ಸತುವಿನ ಅಯಾನುಗಳ ಸುತ್ತ ಗುಂಪಾಗಿ ಕೂರುತ್ತವೆ. ಸತುವನ್ನು ಹಿಡಿದಿಡುವುದು ಮತ್ತದೇ ಹಿಸ್ಟಿಡಿನ್. ದ್ರವ ತೀರಾ ಹುಳಿಯಾದರೆ ಹಿಸ್ಟಿಡಿನ್ ಧನವಾಗಿ ಸತುವಿನ ಕೈ ಬಿಡುತ್ತದೆ, ಗುಂಪು ಚದುರುತ್ತದೆ.

ಯಾವುದೇ ಪೆಪ್ಟೈಡಿನಲ್ಲಿ ಧನ ಮತ್ತು ಋಣ ಸರಿಸಮವಾಗುವ ಒಂದು ಪಿಎಚ್ ಇರುತ್ತದೆ. ಅಲ್ಲಿ ಒಟ್ಟು ವಿದ್ಯುದಂಶ ಸೊನ್ನೆ. ತಳ್ಳಲು ಏನೂ ಇಲ್ಲದ ಕಾರಣ ಅಣುಗಳು ಒಂದಕ್ಕೊಂದು ಅಂಟಿ ಗಸಿಯಾಗಿ ತಳ ಸೇರುತ್ತವೆ. ಹಾಲಿಗೆ ಲಿಂಬೆ ಹಿಂಡಿದರೆ ಒಡೆಯುವುದು ಇದೇ ಕಾರಣಕ್ಕೆ: ಹಾಲಿನ ಕೇಸಿನ್‌ಗೆ ಈ ಬಿಂದು ಪಿಎಚ್ 4.6. ಮನುಷ್ಯರ ಇನ್ಸುಲಿನ್‌ಗೆ ಅದು ಸುಮಾರು 5.4. ರಕ್ತ, ಅಂಗಾಂಶದ ಪಿಎಚ್ 7.4 ಅದಕ್ಕಿಂತ ಬಹಳ ಮೇಲಿದೆ. ಹಾಗಾಗಿ ಮಾಮೂಲಿ ಇನ್ಸುಲಿನ್ ಚರ್ಮದಡಿ ಚುಚ್ಚಿದರೆ ಕರಗಿ, ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಸುತ್ತದೆ. ಇಡೀ ರಾತ್ರಿ ಬೇಕಾದ ಸಣ್ಣ ಹನಿ ಪೂರೈಕೆ ಮಾಡುವುದು ಹೇಗೆ?

1930ರ ದಶಕದಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಇದಕ್ಕೆ ಮೀನಿನ ಮೊರೆ ಹೋದರು. ಮೀನಿನ ವೀರ್ಯದಲ್ಲಿ ಸಿಗುವ, ಧನ ವಿದ್ಯುದಂಶ ತುಂಬಿಕೊಂಡ ಪ್ರೋಟಮೀನ್ ಅನ್ನು ಇನ್ಸುಲಿನ್‌ಗೆ ಸೇರಿಸಿದರೆ ಎರಡೂ ಅಂಟಿಕೊಂಡು ನಿಧಾನವಾಗಿ ಬಿಡುಗಡೆಯಾಗುತ್ತವೆ. ಹೊರಳಿಸಿ ಹೊರಳಿಸಿ ತೆಗೆದುಕೊಳ್ಳಬೇಕಾದ ಬಿಳಿ ಮೋಡದಂಥ ಎನ್‌ಪಿಎಚ್ ಇನ್ಸುಲಿನ್ ಅದೇ ವಂಶದ್ದು.

ಗ್ಲಾರ್ಜಿನ್ ಮಾಡಿದವರು ಹೊರಗಿನಿಂದ ಏನೂ ಸೇರಿಸದೆ ಸರವನ್ನೇ ತಿದ್ದಿದರು. ಎಂಜಿನಿಯರಿಂಗ್ ಓದಿ ಬಂದವರಿಗೆ ಸೀಟಿ ಹೊಡೆಯಬೇಕು ಅನ್ನಿಸುವ ವಿನ್ಯಾಸ ಇದು. 30 ಮಣಿಗಳ ಸರದ ತುದಿಗೆ ಎರಡು ಆರ್ಜಿನಿನ್ ಸೇರಿಸಿದರು. ಎರಡು ಧನ ವಿದ್ಯುದಂಶ ಹೆಚ್ಚಾದವು, ಸಮಬಿಂದು 5.4ರಿಂದ ಸುಮಾರು 6.7ಕ್ಕೆ ಏರಿತು. ಈಗ ಬಾಟಲಿಯ ದ್ರವವನ್ನು ಪಿಎಚ್ 4ರಲ್ಲಿ ಇಟ್ಟರೆ ಅಣುಗಳೆಲ್ಲ ಧನ, ಪರಸ್ಪರ ತಳ್ಳುತ್ತಾ ತಿಳಿನೀರಿನಂತೆ ಕರಗಿರುತ್ತವೆ. ಚರ್ಮದಡಿ ಹೋದೊಡನೆ ದೇಹ ಆ ಹುಳಿಯನ್ನು ತಟಸ್ಥ ಮಾಡುತ್ತದೆ, ಪಿಎಚ್ ಸಮಬಿಂದುವಿನ ಹತ್ತಿರ ಬರುತ್ತದೆ, ಇನ್ಸುಲಿನ್ ಅಲ್ಲೇ ಕಣ್ಣಿಗೆ ಕಾಣದ ಸಣ್ಣ ಗಸಿಯಾಗಿ ಕೂರುತ್ತದೆ. ಅದು ಹೆಚ್ಚುಕಡಿಮೆ ಒಂದು ದಿನ ಚೂರು ಚೂರಾಗಿ ಕರಗುತ್ತಾ ರಕ್ತಕ್ಕೆ ಸೇರುತ್ತದೆ. ಇನ್ನೊಂದು ತೊಡಕು ಇತ್ತು: ಇನ್ಸುಲಿನ್‌ನ ಚಿಕ್ಕ ಸರದ ಕೊನೆಯ ಮಣಿ ಆಸ್ಪರಾಜಿನ್, ಹುಳಿಯಲ್ಲಿ ಕೆಡುವ ಸ್ವಭಾವದ್ದು. ಅದನ್ನು ತೆಗೆದು ಗ್ಲೈಸಿನ್ ಹಾಕಿದರು. ಇಷ್ಟೇ. ಮೂರು ಮಣಿಗಳ ತಿದ್ದುಪಡಿ.

ಈಗ ಆ ತೆಳು ಕಾಗದದ ಎಚ್ಚರಿಕೆ ತಾನಾಗಿಯೇ ಅರ್ಥವಾಗುತ್ತದೆ. ಬೇರೆ ಇನ್ಸುಲಿನ್‌ಗಳು ಪಿಎಚ್ 7ರ ಆಸುಪಾಸಿನಲ್ಲಿರುತ್ತವೆ. ಎರಡನ್ನೂ ಒಂದೇ ಸಿರಿಂಜಿಗೆ ಎಳೆದರೆ ಚರ್ಮದಡಿ ಆಗಬೇಕಾದ ಗಸಿ ಸಿರಿಂಜಿನಲ್ಲೇ ಆಗಲು ಶುರುವಾಗುತ್ತದೆ. ಊಟದ ಹೊತ್ತಿಗೆ ಬೇಗ ಕೆಲಸ ಮಾಡಬೇಕಿದ್ದ ಇನ್ಸುಲಿನ್ ತಡವಾಗುತ್ತದೆ, ನಿಧಾನದ್ದರ ಲೆಕ್ಕ ತಪ್ಪುತ್ತದೆ. ಗೊಂದಲ ಇನ್ನೂ ಒಂದಿದೆ. ಎನ್‌ಪಿಎಚ್ ಅನ್ನು ಮಾಮೂಲಿ ಇನ್ಸುಲಿನ್ ಜೊತೆ ಬೆರೆಸಬಹುದು, ವರ್ಷಗಟ್ಟಲೆ ಬೆರೆಸಿಕೊಂಡವರಿದ್ದಾರೆ. ಅವರಿಗೆ ಗ್ಲಾರ್ಜಿನ್ ಬರೆದುಕೊಟ್ಟಾಗ ಹಳೆಯ ಅಭ್ಯಾಸ ಮುಂದುವರಿಯುವುದು ಸಹಜ. ಎನ್‌ಪಿಎಚ್ ಮೋಡದಂತಿದ್ದರೆ ಸರಿ, ಗ್ಲಾರ್ಜಿನ್ ಮೋಡವಾಗಿ ಕಂಡರೆ ಬಿಸಾಡಬೇಕು. ಒಂದಕ್ಕೆ ಸರಿಯಾದ ಲಕ್ಷಣ ಇನ್ನೊಂದಕ್ಕೆ ಕೆಟ್ಟ ಲಕ್ಷಣ.

ಇಷ್ಟು ಮುಖ್ಯವಾದ ವಿಷಯ ನಾನು ನೋಡಿದ ಪೆಟ್ಟಿಗೆಗಳಲ್ಲೆಲ್ಲ ಇರುವೆಯಷ್ಟು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಅಂಗಡಿ ಬೋರ್ಡಿನಲ್ಲಿ ಕನ್ನಡ ಎಷ್ಟು ಶೇಕಡಾ ಇರಬೇಕು ಅಂತ ಹೋರಾಡುವ ನಾವು, ಕಾಪುವಿನ ಮೀನುಗಾರ ಅಮ್ಮನ ಕೈಗೆ ಹೋಗುವ ಔಷಧಿಯ ಕಾಗದದಲ್ಲಿ ಎಷ್ಟು ಕನ್ನಡ ಇದೆ ಅಂತ ಕೇಳಿದ್ದು ಕಡಿಮೆ. ಕರಾವಳಿಗೆ ಬೇರೆಯದೇ ಸಮಸ್ಯೆಯೂ ಇದೆ. ತೆರೆದ ಗ್ಲಾರ್ಜಿನ್ ಬಾಟಲಿಯನ್ನು 30 ಡಿಗ್ರಿ ಮೀರದ ಜಾಗದಲ್ಲಿಟ್ಟು 28 ದಿನ ಬಳಸಬಹುದು. ನಮ್ಮ ಏಪ್ರಿಲ್-ಮೇ ತಿಂಗಳ ಸೆಕೆಗೆ ಆ ಮಿತಿ ಗೊತ್ತಿಲ್ಲ. ದೋಣಿಯಲ್ಲಿ ವಾರಗಟ್ಟಲೆ ಇರುವವರು ಮೀನಿನ ಐಸಿನಲ್ಲಿ ನೇರ ಇಟ್ಟರೆ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಬಳಸುವಂತಿಲ್ಲ.

ಬೆಲೆಯ ಮಾತು ಆಡದೆ ಮುಂದೆ ಹೋಗಲಾಗದು. 1923ರಲ್ಲಿ ಬ್ಯಾಂಟಿಂಗ್‌ನ ಸಂಗಡಿಗರು ಇನ್ಸುಲಿನ್ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟರು. ನೂರು ವರ್ಷದ ನಂತರವೂ ಅಮೆರಿಕದಂಥ ದೇಶದಲ್ಲೇ ಇನ್ಸುಲಿನ್ ದುಬಾರಿ ಅನ್ನುವುದು ಚುನಾವಣಾ ವಿಷಯ. ಬೆಂಗಳೂರಿನ ಬಯೋಕಾನ್ ಯೀಸ್ಟ್‌ನಲ್ಲಿ ಬೆಳೆಸಿದ ಗ್ಲಾರ್ಜಿನ್ ಅನ್ನು 2009ರಲ್ಲಿ ಇಲ್ಲಿ ಮಾರುಕಟ್ಟೆಗೆ ತಂದಿತು. ಅದರ ಸೆಂಗ್ಲಿ 2021ರ ಜುಲೈನಲ್ಲಿ, ಮೂಲ ಬ್ರ್ಯಾಂಡಿನ ಬದಲಿಗೆ ಫಾರ್ಮಸಿಯಲ್ಲೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂದು ಅಮೆರಿಕದ ಎಫ್‌ಡಿಎಯಿಂದ ಮಾನ್ಯತೆ ಪಡೆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಾವಧಿ ಇನ್ಸುಲಿನ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ ಗ್ಲಾರ್ಜಿನ್ ಬಂತು. ಪಟ್ಟಿಯಲ್ಲಿರುವುದಕ್ಕೂ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿರುವುದಕ್ಕೂ ಇರುವ ಅಂತರವನ್ನು ಅಳೆಯುವುದು ಪತ್ರಕರ್ತರ ಕೆಲಸ, ಶಾಸಕರ ಕೆಲಸ ಕೂಡ.

ಮಾತ್ರೆಯಾಗಿ ಯಾಕೆ ಕೊಡಬಾರದು ಅಂತ ಮಣಿಪಾಲದಲ್ಲಿ ಓದುವ ಗೆಳೆಯರ ತಮ್ಮ ಕೇಳಿದ. ಹೊಟ್ಟೆಯ ಪಿಎಚ್ 1.5ರಿಂದ 3.5. ಅಷ್ಟು ಹುಳಿಯಲ್ಲಿ ಪ್ರೋಟೀನುಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ್ದನ್ನು ಪೆಪ್ಸಿನ್ ಎಂಬ ಕಿಣ್ವ ಕತ್ತರಿಸುತ್ತದೆ, ಆ ಕಿಣ್ವಕ್ಕೂ ಅದೇ ಹುಳಿ ಬೇಕು. ಈಗ ಎಲ್ಲೆಡೆ ಸುದ್ದಿಯಲ್ಲಿರುವ ಸೆಮಾಗ್ಲುಟೈಡ್ 31 ಅಮೈನೋ ಆಮ್ಲಗಳ ಪೆಪ್ಟೈಡ್. ಅದರ ಮಾತ್ರೆಯಲ್ಲಿ ಸುತ್ತಲಿನ ಪಿಎಚ್ ಅನ್ನು ಸ್ವಲ್ಪ ಹೊತ್ತು ಏರಿಸುವ ಇನ್ನೊಂದು ವಸ್ತು ಸೇರಿಸಿದ್ದಾರೆ. ಅಷ್ಟೆಲ್ಲ ಮಾಡಿದರೂ ರಕ್ತ ತಲುಪುವುದು ನುಂಗಿದ ಪೆಪ್ಟೈಡಿನ ನೂರರಲ್ಲಿ ಹೆಚ್ಚೆಂದರೆ ಒಂದು ಪಾಲು.

ಮತ್ತೆ ಕಾರ್ಕಳದ ನೇರಳೆ ಗ್ಲಾಸಿಗೆ ಬರೋಣ. ಪಿಎಚ್ 9.5ರ ಒಂದು ಲೀಟರ್ ನೀರಿನಲ್ಲಿ ಆ ಪಿಎಚ್‌ಗೆ ಕಾರಣವಾದ ಕ್ಷಾರ ಎಷ್ಟು? ಲೆಕ್ಕ ಹಾಕಿದರೆ ಸುಮಾರು 0.03 ಮಿಲಿಮೋಲ್. ಪಿಎಚ್ 2ರ ಜಠರರಸದ 3 ಮಿಲಿಲೀಟರ್, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಅದನ್ನು ಮುಗಿಸಿಬಿಡುತ್ತದೆ. ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಆಮ್ಲ ಇನ್ನಷ್ಟು ಬೇಕು. ಆದರೆ ಬೈಕಾರ್ಬನೇಟ್ ಸಾಮಾನ್ಯ ನೀರಿನಲ್ಲೂ ಇರುತ್ತದೆ, ಅದಕ್ಕೆ ಲಕ್ಷಗಟ್ಟಲೆ ಕೊಡಬೇಕಿಲ್ಲ. ಇನ್ನು ರಕ್ತ. ಅದನ್ನು ಶ್ವಾಸಕೋಶ ಮತ್ತು ಮೂತ್ರಪಿಂಡ ಸೇರಿ 7.35ರಿಂದ 7.45ರ ನಡುವೆ ಕಾಯುತ್ತವೆ. ನೀವು ಏನು ಕುಡಿದಿರಿ ಅಂತ ಅವು ಕೇಳುವುದಿಲ್ಲ. ಕರಾವಳಿಯ ಮುರಕಲ್ಲಿನ ಮಣ್ಣಿನ ಬಾವಿ ನೀರು ಹಲವೆಡೆ ಪಿಎಚ್ 7ಕ್ಕಿಂತ ಕೆಳಗೆ ವಾಲುವುದು ಮಣ್ಣಿನ ಗುಣ, ರೋಗದ ಲಕ್ಷಣ ಅಲ್ಲ. ಹಾಗೆ ನೋಡಿದರೆ ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ಮಿತಿ 6.5ರಿಂದ 8.5. ವೇದಿಕೆ ಮೇಲಿನ ಯಂತ್ರದ 9.5ರ ನೀರೇ ಆ ಗೆರೆಯ ಹೊರಗಿದೆ.

ಆರೋಗ್ಯವಂತರು ಆ ನೀರು ಕುಡಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಅಪಾಯ ಬರುವುದು ಆ ಮಾತು ನಂಬಿ ಇನ್ಸುಲಿನ್ ಬಿಟ್ಟಾಗ. ಟೈಪ್ 1 ಮಧುಮೇಹ ಇರುವವರಿಗೆ ಇನ್ಸುಲಿನ್ ನಿಂತರೆ ಜೀವಕೋಶಗಳು ಸಕ್ಕರೆ ಬಳಸಲಾಗದೆ ಕೊಬ್ಬು ಒಡೆಯುತ್ತವೆ, ಕೀಟೋ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ, ಪಿಎಚ್ 7.3ಕ್ಕಿಂತ ಕೆಳಗಿಳಿಯುತ್ತದೆ. ಕೀಟೋಅಸಿಡೋಸಿಸ್. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಐಸಿಯು. ದಿನಗಳಲ್ಲ, ಕೆಲವೊಮ್ಮೆ ಗಂಟೆಗಳ ಮಾತು. ದೇಹವನ್ನು ಕ್ಷಾರ ಮಾಡುತ್ತೇವೆ ಅಂತ ಹೊರಟವರು ಕೊನೆಗೆ ನಿಜವಾಗಿಯೂ ಆಮ್ಲೀಯ ಮಾಡಿ ಕೂರಿಸುತ್ತಾರೆ.

ಇದಕ್ಕೆ ಹೊಸ ಕಾನೂನೇನೂ ಬೇಡ. 1954ರ ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹದ ಹೆಸರಿದೆ. ಅದನ್ನು ಗುಣಪಡಿಸುತ್ತೇನೆ ಅಂತ ಜಾಹೀರಾತು ಕೊಡುವುದೇ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ರೋಗ ವಾಸಿಮಾಡಲೆಂದು ಕೊಡುವ ಯಾವುದೇ ವಸ್ತು ಈ ಕಾಯ್ದೆಯ ‘ಔಷಧ’ದ ವ್ಯಾಖ್ಯೆಯೊಳಗೆ ಬರುತ್ತದೆ. 2024ರಲ್ಲಿ ಪತಂಜಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಅಧಿಕಾರಿಗಳನ್ನೂ ತರಾಟೆಗೆ ತೆಗೆದುಕೊಂಡದ್ದು ಇದೇ ಕಾಯ್ದೆ ಕಪಾಟಿನಲ್ಲಿ ಧೂಳು ಹಿಡಿದದ್ದಕ್ಕೆ. ಡೆಮೋದಲ್ಲಿ ಹಂಚಿದ ಕರಪತ್ರ, ವಾಟ್ಸಾಪ್‌ನಲ್ಲಿ ಬಂದ ಪೋಸ್ಟರಿನ ಸ್ಕ್ರೀನ್‌ಶಾಟ್, ದಿನಾಂಕ, ಜಾಗ ಇಷ್ಟನ್ನು ಸೇರಿಸಿ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಬಹುದು. ಕಾರ್ಕಳದ ಕರಪತ್ರ ನನ್ನ ಬ್ಯಾಗಿನಲ್ಲಿದೆ. ಅದರ ಮೂರನೇ ಸಾಲು: ‘ಶುಗರ್ ಮಾತ್ರೆ, ಇಂಜೆಕ್ಷನ್‌ಗೆ ಟಾಟಾ ಹೇಳಿ’.